ಏಣಿ ಇಡಲು ಜಾಗವಿಲ್ಲದ ಗ್ಯಾಲರಿ

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮ ಟ್ರಸ್ಟಿನ ಒಂದು ಸಣ್ಣ ಕಲಾ ಗ್ಯಾಲರಿ ಇದೆ. ಹತ್ತಿ ವ್ಯಾಪಾರಿಯೊಬ್ಬರ ಹಳೇ ಮನೆಯಲ್ಲಿ ಶುರುವಾದದ್ದು. ಗಾರೆ ಗೋಡೆ, ಮದ್ರಾಸ್ ತಾರಸಿ (ಮರದ ತೊಲೆಗಳ ಮೇಲೆ ಇಟ್ಟಿಗೆ, ಗಾರೆ). ಆರು ವರ್ಷದ ಹಿಂದೆ ಅದಕ್ಕೆ ಅಂಟಿಸಿಯೇ ಆಧುನಿಕ ಚಿತ್ರಗಳಿಗೆಂದು ಹೊಸ ಕಟ್ಟಡ ಕಟ್ಟಿಸಿದೆವು. ಪಡುವಣಕ್ಕೆ ಪೂರ್ತಿ ಗಾಜು, ನಡುವಿನ ಹಾಲಿಗೆ ಗಾಜಿನ ಮಾಡು, ಒಂದು ಗೋಡೆ ಓರೆ, ಎಲ್ಲ ಕಡೆ ಎಸಿ. ಈಗ ಎರಡು ಕಟ್ಟಡ ಸೇರುವಲ್ಲಿ ಪ್ರತಿ ಮಳೆಗಾಲ ಸೋರುತ್ತದೆ. ತಾರಸಿಗೆ ಮತ್ತೆ ಮತ್ತೆ ವಾಟರ್‌ಪ್ರೂಫಿಂಗ್ ಮಾಡಿಸಿದರೂ ನಿಂತಿಲ್ಲ. ಕ್ಯಾನ್ವಾಸ್‌ಗಳು ಜೋತು ಬಿದ್ದಿವೆ, ಜಲವರ್ಣ ಚಿತ್ರಗಳು ಮಾಸಿವೆ, ಕೆಲವದರ ಹಿಂಬದಿಗೆ ಬೂಷ್ಟು ಹಿಡಿದಿದೆ. ದೊಡ್ಡ ಎಸಿ ಯಂತ್ರ ಹಾಕಿಸಿ ಎನ್ನುತ್ತಾರೆ. ಅಷ್ಟು ದುಡ್ಡಿಲ್ಲ. ಜಾಗ ಸಾಲದೆಂದು ಮೇಲೊಂದು ಅಂತಸ್ತು ಹಾಕುವ ಮಾತೂ ನಡೆದಿದೆ. ಎಲ್ಲಿಂದ ಶುರು ಮಾಡುವುದು?

ಉತ್ತರ: ದೊಡ್ಡ ಎಸಿ ಈಗ ಬೇಡ. ದುಡ್ಡಿದ್ದರೂ ಬೇಡ. ನೀವು ಕಳಿಸಿದ ಫೋಟೋಗಳನ್ನೆಲ್ಲ ನಿಧಾನವಾಗಿ ನೋಡಿದೆ. ತೊಂದರೆಗಳು ಐದಾರು ಇದ್ದಂತೆ ಕಂಡರೂ ಬೇರು ಒಂದೇ. ಈ ಹೊಸ ಕಟ್ಟಡದಲ್ಲಿ ಯಾವ ಯಾವ ಜಾಗ ಬೇಗ ಕೆಡುತ್ತದೋ, ಅಲ್ಲಿಗೆಲ್ಲ ಮನುಷ್ಯನ ಕೈ ಎಟುಕುವುದಿಲ್ಲ. ಗಾಜಿನ ಮಾಡಿನ ಮೇಲೆ ಕಾಲಿಡಲು ಜಾಗವಿಲ್ಲ. ಓರೆ ಗೋಡೆಗೆ ಏಣಿ ನಿಲ್ಲುವುದಿಲ್ಲ. ಎರಡು ಕಟ್ಟಡಗಳ ನಡುವಿನ ಸಂದಿಗೆ ಇಳಿಯಲು ದಾರಿಯೇ ಇಲ್ಲ. ಹಾಗಾಗಿ ಆರು ವರ್ಷ ಯಾರೂ ಅಲ್ಲಿಗೆ ಹೋಗಿಲ್ಲ. ನಿಮ್ಮ ಸಿಬ್ಬಂದಿಯ ತಪ್ಪು ಇದರಲ್ಲಿ ಇಲ್ಲ. ಹೋಗಲಾಗದ ಕಡೆ ಹೋಗಿ ಗುಡಿಸು ಎಂದು ಯಾರಿಗೆ ಹೇಳೋದು?

ಮೊದಲು ಸೋರುವ ಜಾಗಕ್ಕೆ ಬರೋಣ. ಫೋಟೋದಲ್ಲಿ ಹಳೇ ಮನೆಯ ಪ್ಯಾರಾಪೆಟ್ ಗೋಡೆಗೂ ಹೊಸ ಗೋಡೆಗೂ ನಡುವೆ ಒಂದೂವರೆ ಅಡಿ ಅಗಲದ ಸಂದು ಕಾಣುತ್ತದೆ. ಅದರ ತಳಕ್ಕೆ ಸಿಮೆಂಟಿನ ನೀರಿನ ದೋಣಿ. ಎರಡೂ ತಾರಸಿಗಳ ನೀರು ಬಂದು ಬೀಳುವುದು ಅದರಲ್ಲೇ. ಇಷ್ಟು ನೀರು ಹೊರಗೆ ಹೋಗಲು ಇರುವುದು ಆ ತುದಿಯಲ್ಲಿ ಒಂದೇ ಒಂದು ಪೈಪು. ಫೋಟೋವನ್ನು ದೊಡ್ಡದು ಮಾಡಿ ನೋಡಿ. ಪೈಪಿನ ಬಾಯಿಗೆ ಬೇವಿನ ಎಲೆ, ಪಾರಿವಾಳದ ಪುಕ್ಕ, ಗೂಡಿನ ಕಡ್ಡಿ, ಒಂದು ನೀಲಿ ಪ್ಲಾಸ್ಟಿಕ್ ಚೀಲ. ಅದರ ಹಿಂದೆ ಒಣಗಿದ ಕೆಸರಿನ ಗೆರೆ. ಆ ಗೆರೆ ದೋಣಿಯ ತಳದಿಂದ ಒಂದು ಗೇಣಿಗಿಂತ ಮೇಲಿದೆ. ಅಂದರೆ ನೀರು ಅಷ್ಟೆತ್ತರ ನಿಂತಿತ್ತು. ದೋಣಿಯೂ ಹಳೇ ಗೋಡೆಯೂ ಸೇರುವ ಜಾಯಿಂಟನ್ನು ಮುಚ್ಚಿರುವ ಅಲ್ಯೂಮಿನಿಯಂ ಪಟ್ಟಿಯ ಕೆಳ ಅಂಚು ಆ ಗೆರೆಗಿಂತ ಕೆಳಗಿದೆ. ನೀರು ಪಟ್ಟಿಯ ಹಿಂದೆ ಹೋಗಿ, ಹಳೇ ಗಾರೆ ಗೋಡೆಯೊಳಗೆ ಇಳಿದು, ಹತ್ತಾರು ಅಡಿ ಆಚೆ ನಿಮ್ಮ ಗ್ಯಾಲರಿಯಲ್ಲಿ ಕಲೆಯಾಗಿ ಕಾಣಿಸಿಕೊಳ್ಳುತ್ತದೆ. ಕಲೆ ಕಂಡ ಜಾಗದ ನೇರ ಮೇಲೆ ತಾರಸಿಗೆ ಎಷ್ಟು ಸಲ ವಾಟರ್‌ಪ್ರೂಫಿಂಗ್ ಬಳಿದರೇನು? ನೀರು ಬರುತ್ತಿರುವುದು ಅಲ್ಲಿಂದ ಅಲ್ಲ.

ನನ್ನ ಮಾತನ್ನೇ ನಂಬಬೇಡಿ, ಪರೀಕ್ಷೆ ಮಾಡಿ. ಬಿಸಿಲಿರುವ ದಿನ ದೋಣಿ ಸ್ವಚ್ಛ ಮಾಡಿಸಿ. ಪೈಪಿನ ಬಾಯಿಗೆ ಬಟ್ಟೆ ತುರುಕಿ ಎರಡು ಇಂಚು ನೀರು ನಿಲ್ಲಿಸಿ, ಅರ್ಧ ಗಂಟೆ ಕಾಯಿರಿ. ಒಳಗೆ ಒಬ್ಬರು ಟಾರ್ಚ್ ಹಿಡಿದು ಗೋಡೆ ನೋಡುತ್ತಿರಲಿ. ತೇವ ಬರದಿದ್ದರೆ ನಾಲ್ಕು ಇಂಚಿಗೆ ಏರಿಸಿ, ಆಮೇಲೆ ಆರಕ್ಕೆ. ಯಾವ ಎತ್ತರಕ್ಕೆ ಒಳಗೆ ತೇವ ಕಂಡಿತು ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಿ. ಇನ್ನೊಂದು ದಿನ, ಎಲ್ಲ ಒಣಗಿದ ಮೇಲೆ, ಪೈಪ್ ಹಿಡಿದು ಜಾಯಿಂಟಿನ ಮೇಲೆ ಕೆಳಗಿನಿಂದ ಮೇಲಕ್ಕೆ ಸ್ವಲ್ಪ ಸ್ವಲ್ಪವೇ ನೀರು ಬಿಡಿ. ಮೇಲಿನಿಂದ ಶುರು ಮಾಡಿದರೆ ನೀರು ಎಲ್ಲಿ ಒಳಹೊಕ್ಕಿತು ಎಂದು ಗೊತ್ತಾಗುವುದಿಲ್ಲ. ಈ ಕೆಲಸಕ್ಕೆ ಒಬ್ಬ ಮೇಸ್ತ್ರಿ, ಒಬ್ಬ ಸಹಾಯಕ ಸಾಕು.

ಹಳೇದು ಹೊಸದು ಸೇರುವ ಈ ಜಾಯಿಂಟ್ ಯಾಕೆ ಬಾಯಿ ಬಿಡುತ್ತದೆ ಎಂಬುದನ್ನೂ ಹೇಳಬೇಕು. ಕಟ್ಟಡ ಸುಮ್ನೆ ನಿಂತಿರುವುದಿಲ್ಲ, ಬಿಸಿಲಿಗೆ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. 20 ಮೀಟರ್ ಉದ್ದದ ಕಾಂಕ್ರೀಟ್ ತಾರಸಿಯ ಬಿಸಿ 30 ಡಿಗ್ರಿ ಏರಿದರೆ ಅದು ಸುಮಾರು 6 ಮಿಲಿಮೀಟರ್ ಉದ್ದವಾಗುತ್ತದೆ. ಅಲ್ಯೂಮಿನಿಯಂ ಅದರ ಎರಡರಷ್ಟಕ್ಕಿಂತ ಜಾಸ್ತಿ ಹಿಗ್ಗುತ್ತದೆ. ಹಳೇ ಗಾರೆ ಗೋಡೆಯ ನಡವಳಿಕೆಯೇ ಬೇರೆ. ಹೀಗೆ ಮೂರು ವಸ್ತು ಮೂರು ಲೆಕ್ಕದಲ್ಲಿ ಅಲುಗಾಡುವ ಜಾಗದಲ್ಲಿ ನಿಮ್ಮವರು ಗಟ್ಟಿ ಸಿಮೆಂಟ್ ತುಂಬಿ ಮುಚ್ಚಿದ್ದಾರೆ. ಅದು ಒಂದು ಬೇಸಿಗೆಯಲ್ಲಿ ಕೂದಲೆಳೆಯಷ್ಟು ಬಿರಿಯುತ್ತದೆ. ಮಳೆಗೆ ಅಷ್ಟು ಸಾಕು.

ಇದರ ಜೊತೆಗೆ ನೆಲ. ದಾವಣಗೆರೆ, ಹರಿಹರದ ಕಡೆ ಎಷ್ಟೋ ಜಾಗ ಎರೆಮಣ್ಣು. ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಹಳೇ ಮನೆ ದಶಕಗಟ್ಟಲೆ ಕೂತು ಕೂತು ತನ್ನ ಜಾಗಕ್ಕೆ ಹೊಂದಿಕೊಂಡಿದೆ. ಹೊಸದು ಇನ್ನೂ ಕೂರುತ್ತಿರಬಹುದು. ಜಾಯಿಂಟಿನ ಎರಡೂ ಕಡೆಗೆ ಅಂಟುವಂತೆ ಗಾಜಿನ ತೆಳು ಪಟ್ಟಿಯನ್ನು ಎಂ-ಸೀಲ್‌ನಲ್ಲಿ ಹಚ್ಚಿ, ದಿನಾಂಕ ಬರೆದಿಡಿ. ಗಾಜು ಒಡೆದರೆ ಚಲನೆ ನಡೆಯುತ್ತಿದೆ ಎಂದು ಅರ್ಥ. ಆಗ ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡಲೇಬೇಕು. ಒಂದು ಪೂರ್ತಿ ವರ್ಷ ನೋಡದೆ ಯಾರಿಗೂ ತೀರ್ಪು ಕೊಡಲು ಬರುವುದಿಲ್ಲ.

ಈಗ ರಿಪೇರಿ. ಜಾಯಿಂಟಿನೊಳಗಿನ ಸಿಮೆಂಟ್ ಕೆತ್ತಿ ತೆಗೆಸಿ. ತಳಕ್ಕೆ ಮೆತ್ತನೆಯ ಫೋಮ್ ಹಗ್ಗ ಕೂರಿಸಿ, ಮೇಲೆ ಸಿಲಿಕೋನ್ ಸೀಲಂಟ್ ತುಂಬಿಸಿ. ಅದರ ಮೇಲೆ ಲೋಹದ ಮುಚ್ಚಿಗೆ ಬರಲಿ, ಆದರೆ ಮೊಳೆ ಒಂದೇ ಕಟ್ಟಡಕ್ಕೆ. ಎರಡಕ್ಕೂ ಮೊಳೆ ಹೊಡೆದರೆ ಒಂದಲ್ಲ ಒಂದು ಕಿತ್ತುಕೊಳ್ಳುತ್ತದೆ. ಮುಚ್ಚಿಗೆಯನ್ನು ತುಂಡು ತುಂಡಾಗಿ, ಒಂದರ ಮೇಲೊಂದು ಹೊದಿಸಿ ಹಾಕಿಸಿ. ಸಿಲಿಕೋನ್ ಶಾಶ್ವತವಲ್ಲ. ಹತ್ತು ವರ್ಷದ ಆಸುಪಾಸಿನಲ್ಲಿ ಬದಲಿಸಬೇಕಾಗುತ್ತದೆ ಎಂದು ಈಗಲೇ ಬರೆದಿಡಿ. ಹಳೇ ಗೋಡೆಯ ತೇವದ ಭಾಗಕ್ಕೆ ಸಿಮೆಂಟ್ ಗಿಲಾವು ಮಾತ್ರ ಬೇಡವೇ ಬೇಡ. ಒಳಗಿನ ತೇವ ಹೊರಬರಲಾಗದೆ ಗೋಡೆಯಲ್ಲೇ ಮೇಲೇರುತ್ತದೆ, ಉಪ್ಪು ಹೂವಾಡುತ್ತದೆ. ಸುಣ್ಣದ ಗಾರೆಯನ್ನೇ ಹಚ್ಚಿಸಿ.

ದೋಣಿಗೆ ಇನ್ನೊಂದು ಪೈಪು ಹಾಕಿಸಿ. ಅದಕ್ಕಿಂತ ಮುಖ್ಯವಾಗಿ, ಎರಡೂ ಕಟ್ಟಿಕೊಂಡರೆ ನೀರು ಹೊರಕ್ಕೆ ಚಿಮ್ಮಲು ಹೊರಗೋಡೆಯಲ್ಲಿ ಒಂದು ತೂಬು ಬೇಕು. ಅದು ಲೋಹದ ಪಟ್ಟಿಯ ಅಂಚಿಗಿಂತ ಕೆಳಗಿರಲಿ, ಮುಂಬಾಗಿಲಿನಿಂದ ಕಾಣುವಂತಿರಲಿ. ಅಲ್ಲಿಂದ ನೀರು ಬಿದ್ದ ದಿನ ಕಾವಲುಗಾರನಿಗೂ ತಿಳಿಯುತ್ತದೆ, ಮೇಲೆ ಏನೋ ಕಟ್ಟಿಕೊಂಡಿದೆ ಎಂದು. ಚಿತ್ರದುರ್ಗದ ಕೋಟೆಗೆ ಹೋದಾಗ ಹೊಂಡಗಳನ್ನು ಈ ಕಣ್ಣಿನಿಂದ ಒಮ್ಮೆ ನೋಡಿ. ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಮುಂದಕ್ಕೆ, ಕೊನೆಗೆ ಊರೊಳಗಿನ ಸಂತೆ ಹೊಂಡಕ್ಕೆ. ಬಂಡೆ ಮೇಲೆ ಬಿದ್ದ ಮಳೆ ಹೆಚ್ಚಾದರೆ ಎಲ್ಲಿಗೆ ಹೋಗಬೇಕು ಎಂದು ಮೊದಲೇ ಯೋಚಿಸಿದ್ದಾರೆ. ನೀರಿನ ದಾರಿ ಬಹುಪಾಲು ಕಣ್ಣಿಗೆ ಕಾಣುತ್ತದೆ, ಪಕ್ಕದಲ್ಲಿ ನಡೆದು ಹೋಗಬಹುದು. ನಿಮ್ಮ ಸಂದಿಗೂ ಹಾಗೇ ಒಂದು ದಾರಿ ಬೇಕು. ಹಳೇ ತಾರಸಿಯ ಪ್ಯಾರಾಪೆಟ್‌ನಲ್ಲಿ ಎರಡಡಿ ಅಗಲ ಕತ್ತರಿಸಿ, ಕಬ್ಬಿಣದ ಸಣ್ಣ ಬಾಗಿಲು, ಇಳಿಯಲು ನಾಲ್ಕು ಮೆಟ್ಟಿಲು, ಸೇಫ್ಟಿ ಬೆಲ್ಟ್ ಸಿಕ್ಕಿಸಲು ಗೋಡೆಗೆ ಒಂದು ಉಕ್ಕಿನ ಕೊಂಡಿ. ಇಷ್ಟನ್ನು ಮೊದಲು ಮಾಡಿಸಿ. ಉಳಿದ ರಿಪೇರಿಯೆಲ್ಲ ಈ ಬಾಗಿಲಿನಿಂದಲೇ ಆಗಬೇಕು.

ದೊಡ್ಡ ದುಡ್ಡಿದ್ದ ಕಡೆ ಹೀಗಾಗುವುದಿಲ್ಲ ಎಂದುಕೊಳ್ಳಬೇಡಿ. ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಗೆ 1978ರಲ್ಲಿ ಪೂರ್ವ ಕಟ್ಟಡ ಸೇರಿಸಿದರು. ವಿನ್ಯಾಸ ಐ. ಎಂ. ಪೇ ಅವರದು. ಹಳೇ ಕಟ್ಟಡಕ್ಕೆ ಹೊಂದಲೆಂದು ಅದೇ ಟೆನೆಸ್ಸಿಯ ಗುಲಾಬಿ ಅಮೃತಶಿಲೆ ತರಿಸಿದರು. ಮೂವತ್ತು ವರ್ಷದೊಳಗೆ ಹೊರಮೈಯ ಚಪ್ಪಡಿಗಳು ವಾಲತೊಡಗಿದವು. ಹಿಂದೆ ಹಿಡಿದಿದ್ದ ಆಧಾರಗಳು ಸೋತಿದ್ದವು. ಕೊನೆಗೆ ಸುಮಾರು 16 ಸಾವಿರ ಚಪ್ಪಡಿಗಳನ್ನು ಒಂದೊಂದಾಗಿ ಇಳಿಸಿ ಮತ್ತೆ ಕೂರಿಸಬೇಕಾಯಿತು. ಡೆನ್ವರ್ ಕಲಾ ಸಂಗ್ರಹಾಲಯದ 2006ರ ವಿಸ್ತರಣೆಯದೂ ಸೋರಿಕೆಯ ಕತೆಯೇ. ಡೇನಿಯಲ್ ಲಿಬೆಸ್ಕಿಂಡ್ ಅವರ ಆ ಚೂಪು ಚೂಪು ಮೂಲೆಗಳ ಕಟ್ಟಡ ಮೊದಲ ಚಳಿಗಾಲಗಳಲ್ಲೇ ಸೋರಿತು. ಚೂಪು ಮೂಲೆ ಜಾಸ್ತಿಯಾದಷ್ಟೂ ಸಂದು ಜಾಸ್ತಿ. ಸಂದು ಜಾಸ್ತಿಯಾದಷ್ಟೂ ಏಣಿ ಹತ್ತುವ ಕೆಲಸ ಜಾಸ್ತಿ.

ಇನ್ನು ಬೆಳಕು. ಜಲವರ್ಣ, ಕಾಗದ, ಬಟ್ಟೆಯ ಮೇಲಿನ ಕೆಲಸಕ್ಕೆ 50 ಲಕ್ಸ್ (ಲಕ್ಸ್ ಅಂದರೆ ಬೆಳಕಿನ ಅಳತೆ) ಸಾಕು. ತೈಲವರ್ಣಕ್ಕೆ 200ರವರೆಗೆ ಆಗಬಹುದು. ದಿನಕ್ಕೆ 8 ಗಂಟೆಯಂತೆ ವರ್ಷಕ್ಕೆ 300 ದಿನ ತೆರೆದಿಟ್ಟರೆ, ಜಲವರ್ಣದ ಇಡೀ ವರ್ಷದ ಪಾಲು 1,20,000 ಲಕ್ಸ್ ಗಂಟೆ. ನಮ್ಮ ಕಡೆಯ ನೇರ ಬಿಸಿಲು ಒಂದು ಲಕ್ಷ ಲಕ್ಸ್ ಇರುತ್ತದೆ. ಗಾಜು ಸ್ವಲ್ಪ ತಡೆದು 80 ಸಾವಿರ ಒಳಗೆ ಬಿಟ್ಟಿತು ಅಂತ ಇಟ್ಟುಕೊಳ್ಳಿ. ಒಂದೂವರೆ ಗಂಟೆಯಲ್ಲಿ ವರ್ಷದ ಪಾಲು ಮುಗಿಯಿತು. ನಿಮ್ಮ ಪಡುವಣ ಗಾಜಿನಿಂದ ಏಪ್ರಿಲ್ ಸಂಜೆಯ ಬಿಸಿಲು ಎದುರಿನ ಗೋಡೆಯ ಮೇಲೆ ಬೀಳುವುದು ಫೋಟೋದಲ್ಲೇ ಇದೆ. ಅಲ್ಲಿದ್ದ ಚಿತ್ರಗಳು ಮಾಸಿದ್ದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. ಮಾಸಿದ ಬಣ್ಣ ಮತ್ತೆ ಬರುವುದಿಲ್ಲ. ಹೇಳಲು ಸಂಕಟವಾಗುತ್ತದೆ, ಆದರೆ ಅದು ನಿಜ. ಆಧುನಿಕ ಕೃತಿಗಳಲ್ಲಿ ಸ್ಕೆಚ್ ಪೆನ್ನಿನ ಶಾಯಿ, ಹೊಳೆಯುವ ಫ್ಲೋರಸೆಂಟ್ ಬಣ್ಣ, ಕಲರ್ ಪ್ರಿಂಟು ಇವು ಇನ್ನೂ ಬೇಗ ಹೋಗುತ್ತವೆ. ಅವನ್ನು ಇವತ್ತೇ ಒಳಕೋಣೆಗೆ ಸಾಗಿಸಿ.

ಪಡುವಣ ಗಾಜಿಗೆ ಪರದೆ ಕಟ್ಟಿ ಪ್ರಯೋಜನವಿಲ್ಲ. ಶಾಖ ಆಗಲೇ ಒಳಗೆ ಬಂದಿರುತ್ತದೆ. ಸಂಜೆ ಸೂರ್ಯ ತಗ್ಗಿನಲ್ಲಿರುವುದರಿಂದ ಸಜ್ಜಾ ಹಾಕಿದರೂ ಬಿಸಿಲು ಅದರ ಕೆಳಗಿಂದ ನುಗ್ಗುತ್ತದೆ. ನನ್ನ ಸಲಹೆ ಕೇಳಿದರೆ, ಗಾಜಿನಿಂದ ಎರಡೂವರೆ ಅಡಿ ಒಳಗೆ ಹಗುರ ಬ್ಲಾಕಿನ ಒಂದು ಗೋಡೆ ಎಬ್ಬಿಸಿ. ನಡುವಿನ ಓಣಿಯಲ್ಲಿ ಒಬ್ಬರು ನಿಂತು ಗಾಜು ಒರೆಸಬಹುದು. ಓಣಿಯ ಬಿಸಿ ಗಾಳಿ ಹೊರಹೋಗಲು ಮೇಲೂ ಕೆಳಗೂ ಜಾಲರಿ ಬಿಡಿ. ಹೊರಗಿನಿಂದ ಕಟ್ಟಡ ಹೇಗಿತ್ತೋ ಹಾಗೇ ಕಾಣುತ್ತದೆ. ನಿಮಗೆ ಚಿತ್ರ ತೂಗುಹಾಕಲು ಉದ್ದನೆಯ ಹೊಸ ಗೋಡೆಯೂ ಸಿಗುತ್ತದೆ. ಜಾಗ ಸಾಲದು ಎಂದಿರಲ್ಲ, ಅದರಲ್ಲಿ ಅರ್ಧ ಇಲ್ಲೇ ತೀರಬಹುದು.

ಗಾಜಿನ ಮಾಡಿಗೆ ಹೊರಗಿನಿಂದ, ಎರಡಡಿ ಎತ್ತರದಲ್ಲಿ ಪೈಪಿನ ಚೌಕಟ್ಟು ನಿಲ್ಲಿಸಿ, ಅಲ್ಯೂಮಿನಿಯಂ ಪಟ್ಟಿಗಳ ನೆರಳು ಕೊಡಿ. ಈ ವರ್ಷಕ್ಕೆ ತೋಟಕ್ಕೆ ಹಾಕುವ ಶೇಡ್ ನೆಟ್ಟಾದರೂ ಆಗುತ್ತದೆ. ಚೌಕಟ್ಟಿನ ಜೊತೆಗೇ ನಡೆಯಲು ಒಂದು ಜಾಲರಿ ದಾರಿ ಮಾಡಿಸಿ, ಗಾಜಿನ ಮೇಲೆ ಯಾರೂ ಕಾಲಿಡುವ ಪ್ರಸಂಗ ಬರಬಾರದು. ಗಾಜಿಗೆ ಸುಮ್ನೆ ಕಪ್ಪು ಫಿಲ್ಮ್ ಅಂಟಿಸುವವರ ಮಾತು ಕೇಳಬೇಡಿ. ಕೆಲವು ಗಾಜು ಆ ಶಾಖ ತಡೆಯದೆ ಸೀಳುತ್ತವೆ.

ನಿಮ್ಮ ನಕ್ಷೆ ಮಾಡಿದವರು ಬಡಗಣದ ಕಿಟಕಿಗಳಿಗೆ ಸಜ್ಜಾವೇ ಹಾಕಿಲ್ಲ, ಗಮನಿಸಿದಿರಾ? ಬಡಗಣ ಬೆಳಕು ಚಿತ್ರಕ್ಕೆ ಕ್ಷೇಮ, ಅಲ್ಲಿ ಬಿಸಿಲೇ ಬರುವುದಿಲ್ಲ ಎಂಬುದು ಯುರೋಪಿನ ಪಾಠ. ಅಲ್ಲಿಗೆ ಅದು ಬಹುಪಾಲು ಸರಿ. ದಾವಣಗೆರೆ ಇರುವುದು ಸುಮಾರು 14.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಮ್ಮ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಬಡಗಣಕ್ಕೇ ವಾಲಿರುತ್ತಾನೆ. ಬೆಳಿಗ್ಗೆ ಸಂಜೆ ಇನ್ನೂ ಹೆಚ್ಚು. ಆ ಕಿಟಕಿಗಳಿಗೆ ಸಜ್ಜಾ ಮತ್ತು ಪಕ್ಕದ ಬಿಸಿಲು ತಡೆಯಲು ನೆಟ್ಟಗೆ ನಿಲ್ಲಿಸುವ ರೆಕ್ಕೆ ಎರಡೂ ಬೇಕು.

ಬೆಳಕನ್ನು ಪಳಗಿಸಿದ ಗ್ಯಾಲರಿ ಎಂದರೆ ನನಗೆ ಮೊದಲು ನೆನಪಾಗುವುದು ಟೆಕ್ಸಸ್‌ನ ಕಿಂಬೆಲ್ ಕಲಾ ಸಂಗ್ರಹಾಲಯ. ಅಲ್ಲೂ ಬಿಸಿಲು ಜೋರೇ. 1972ರಲ್ಲಿ ವಾಸ್ತುಶಿಲ್ಪಿ ಲೂಯಿ ಕಾನ್ ಕಟ್ಟಿದ ಕಾಂಕ್ರೀಟ್ ಕಮಾನುಗಳ ನೆತ್ತಿಯಲ್ಲಿ ಒಂದು ಕಿರಿದಾದ ಸೀಳು ಇದೆ. ಅದರ ಕೆಳಗೆ ಅಲ್ಯೂಮಿನಿಯಂ ರೆಕ್ಕೆ. ಬಿಸಿಲು ಸೀಳಿನಿಂದ ಇಳಿದು ರೆಕ್ಕೆಗೆ ಬಡಿದು ಕಮಾನಿನ ಒಳಮೈಗೆ ಹಾರುತ್ತದೆ. ಚಿತ್ರದ ಮೇಲೆ ನೇರ ಕಿರಣ ಬೀಳುವುದಿಲ್ಲ. ಇಡೀ ಮಾಡನ್ನೇ ಗಾಜು ಮಾಡುವ ಅಗತ್ಯ ಅಲ್ಲಿ ಬೀಳಲಿಲ್ಲ.

ಎಸಿ ವಿಷಯದಲ್ಲಿ ಜನ ಬಹಳ ಮೋಸ ಹೋಗುವುದು ಮಳೆಗಾಲದಲ್ಲಿ. ಹೊರಗೆ 28 ಡಿಗ್ರಿ, ಗಾಳಿಯ ತೇವ ಶೇ 75 ಎಂದಿಟ್ಟುಕೊಳ್ಳಿ. ಆ ಗಾಳಿಯ ನೀರು ತೆಗೆಯದೆ ಬರೀ 24ಕ್ಕೆ ತಂಪು ಮಾಡಿದರೆ ತೇವ ಶೇ 95ರ ಹತ್ತಿರ ಹೋಗುತ್ತದೆ. ನಿಮ್ಮ ಸ್ಪ್ಲಿಟ್ ಎಸಿ ಕೋಣೆ ತಂಪಾದ ಕೂಡಲೇ ಕಂಪ್ರೆಸರ್ ನಿಲ್ಲಿಸುತ್ತದೆ, ನೀರು ತೆಗೆಯುವುದೂ ಅಲ್ಲಿಗೇ ನಿಲ್ಲುತ್ತದೆ. ಬಾಗಿಲು ತೆರೆದಂತೆಲ್ಲ ಹಸಿ ಗಾಳಿ ಬಂದು ತಣ್ಣನೆ ಗೋಡೆಗೆ ತಾಗುತ್ತದೆ. ಚಿತ್ರದ ಹಿಂಬದಿಯಲ್ಲಿ ಗಾಳಿ ಆಡುವುದಿಲ್ಲ, ಬೂಷ್ಟು ಅಲ್ಲೇ ಹುಟ್ಟುತ್ತದೆ. ಸಂಜೆ ಆರಕ್ಕೆ ಎಸಿ ಆರಿಸಿ ಹೋಗುತ್ತೀರಿ. ರಾತ್ರಿಯಿಡೀ ಮತ್ತೆ ಏರಿಳಿತ. ಬಣ್ಣಕ್ಕೆ ಮೊದಲು ಕ್ಯಾನ್ವಾಸಿಗೆ ಹಚ್ಚಿದ ಸರೇಸು (ಅಂಟು) ತೇವಕ್ಕೆ ಸಡಿಲವಾಗಿ, ಒಣಗಿದಾಗ ಬಿಗಿದು, ದಿನಾ ಹೀಗೇ ಎಳೆದಾಡಿ ಕ್ಯಾನ್ವಾಸ್ ಜೋತು ಬೀಳುತ್ತದೆ. ಇನ್ನೂ ದೊಡ್ಡ ಎಸಿ ತಂದರೆ ಕೋಣೆ ಇನ್ನೂ ಬೇಗ ತಂಪಾಗುತ್ತದೆ, ಕಂಪ್ರೆಸರ್ ಇನ್ನೂ ಬೇಗ ನಿಲ್ಲುತ್ತದೆ, ತೇವ ಇನ್ನೂ ಜಾಸ್ತಿ ಉಳಿಯುತ್ತದೆ.

ಎಸಿಯನ್ನು 26–27ಕ್ಕೆ ಇಡಿ. ಜೊತೆಗೆ ತೇವ ಹೀರುವ ಡಿಹ್ಯುಮಿಡಿಫೈಯರ್ ಒಂದೆರಡು ತನ್ನಿ. ಚಿತ್ರಗಳನ್ನು ಗೋಡೆಯಿಂದ ಒಂದು ಇಂಚು ಮುಂದೆ ನಿಲ್ಲುವಂತೆ ಹಿಂಬದಿಗೆ ಬಿರಡೆಯ ತುಂಡು ಅಂಟಿಸಿ. ತೇವ ಶೇ 65 ದಾಟದಂತೆ ನೋಡಿಕೊಂಡರೆ ಬೂಷ್ಟಿನ ಕಾಟ ಬಹುಪಾಲು ತಪ್ಪುತ್ತದೆ. ವರ್ಷವಿಡೀ 50ಕ್ಕೇ ನಿಲ್ಲಿಸಬೇಕು ಎಂದು ಹೆದರಿಸುವವರಿಗೆ ಹೀಗೆ ಹೇಳಿ: ಕಲಾಕೃತಿ ಸಂರಕ್ಷಕರ ಅಂತರರಾಷ್ಟ್ರೀಯ ಸಂಘಟನೆಗಳೇ 2014ರಲ್ಲಿ, ಒಂದು ಸಂಗ್ರಹಾಲಯದ ಸ್ವಂತ ಸಂಗ್ರಹಕ್ಕೆ ಇಡುವ ಗುರಿ ಆ ಊರಿನ ಹವೆಗೆ ಸಾಧ್ಯವಾಗುವಂತಿರಬೇಕು ಎಂದು ಒಪ್ಪಿಕೊಂಡಿವೆ. ಹಠಾತ್ ಏರಿಳಿತ ತಪ್ಪಿಸುವುದು ನಿಮ್ಮ ಗುರಿಯಾಗಲಿ. ಸಾವಿರ ರೂಪಾಯಿ ಆಸುಪಾಸಿಗೆ ಡಿಜಿಟಲ್ ತೇವಮಾಪಕ ಸಿಗುತ್ತದೆ. ಪ್ರತಿ ಕೋಣೆಗೊಂದು ಇಟ್ಟು, ಬೆಳಿಗ್ಗೆ ಮತ್ತು ಮುಚ್ಚುವ ಹೊತ್ತಿಗೆ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಎಸಿಯ ಒಳಘಟಕದ ಕೆಳಗೆ ಯಾವ ಚಿತ್ರವೂ ಬೇಡ. ಅದರ ನೀರಿನ ಪೈಪು ಪಾಚಿ ಕಟ್ಟಿ ತುಂಬಿದರೆ ನೇರ ಕ್ಯಾನ್ವಾಸ್ ಮೇಲೆ ತೊಟ್ಟಿಕ್ಕುತ್ತದೆ.

ಬೂಷ್ಟು ಬಂದ ಚಿತ್ರಗಳನ್ನು ಬೇರೆ ಕೋಣೆಗೆ ಒಯ್ಯಿರಿ. ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಬಿಸಿಲಿಗೆ ಇಡಬೇಡಿ, ಜೋತು ಬಿದ್ದ ಕ್ಯಾನ್ವಾಸಿನ ಮೂಲೆಗೆ ಗೂಟ ಹೊಡೆದು ಬಿಗಿ ಮಾಡಬೇಡಿ. ನೆರಳಿನಲ್ಲಿ, ಫ್ಯಾನಿನ ನೇರ ಗಾಳಿ ತಾಗದಂತೆ ಒಣಗಲಿ. ಮುಂದಿನದು ಸಂರಕ್ಷಕರ ಕೆಲಸ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಪರಂಪರೆ ಕಾಪಾಡುವ ಸಂಸ್ಥೆ ಇಂಟ್ಯಾಕ್‌ನ ಕಲಾಕೃತಿ ಸಂರಕ್ಷಣಾ ಕೇಂದ್ರ ಇದೆ, ಅವರನ್ನು ಕೇಳಿ.

ನಮ್ಮೂರಿನದೇ ಇನ್ನೊಂದು ತೊಂದರೆ ಮಸಿ. ಮಂಡಕ್ಕಿ ಭಟ್ಟಿಗಳ ಹೊಗೆ, ಅಕ್ಕಿ ಗಿರಣಿಯ ಹೊಟ್ಟಿನ ಧೂಳು, ರಸ್ತೆಯದು ಬೇರೆ. ಅಕ್ರಿಲಿಕ್ ಬಣ್ಣ ಬೇಸಿಗೆಯ ಬಿಸಿಗೆ ಮೆತ್ತಗಾಗುತ್ತದೆ, ಬಿದ್ದ ಮಸಿಯನ್ನು ಹಿಡಿದುಕೊಳ್ಳುತ್ತದೆ. ಆಮೇಲೆ ಅದನ್ನು ತೆಗೆಯುವುದು ತೈಲಚಿತ್ರಕ್ಕಿಂತ ಕಷ್ಟ. ಬಾಗಿಲಿಗೆ ಎರಡನೇ ಬಾಗಿಲು ಸೇರಿಸಿ, ನಡುವೆ ಕಾಲೊರಸು ಹಾಸಿ. ಎಸಿಯ ಜಾಲರಿಯನ್ನು ಹದಿನೈದು ದಿನಕ್ಕೊಮ್ಮೆ ತೊಳೆಯಿರಿ. ಕಸ ಗುಡಿಸಬೇಡಿ, ವ್ಯಾಕ್ಯೂಮ್ ಬಳಸಿ.

ಓರೆ ಗೋಡೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನ್ಯೂಯಾರ್ಕಿನ ಗುಗೆನ್‌ಹೈಮ್ ಕಲಾ ಸಂಗ್ರಹಾಲಯ ಇನ್ನೂ ಕಟ್ಟುತ್ತಿರುವಾಗಲೇ, 1956ರಲ್ಲಿ, 21 ಕಲಾವಿದರು ಆ ಬಾಗಿದ ಇಳಿಜಾರು ಗೋಡೆ ಚಿತ್ರಕ್ಕೆ ಒಗ್ಗುವುದಿಲ್ಲ ಎಂದು ಸಹಿ ಮಾಡಿ ಪತ್ರ ಬರೆದಿದ್ದರು. ನಿಮ್ಮ ಗೋಡೆಯ ಮುಂದೆ ನೇರವಾದ ಪ್ಲೈವುಡ್ ಫಲಕ ನಿಲ್ಲಿಸಿ ಅದಕ್ಕೇ ತೂಗುಹಾಕಿ.

ಕೊನೆಯದು ಮೇಲಂತಸ್ತು. ಖಂಡಿತ ಬೇಡ. ಕೆಳಗಿನ ಜಾಯಿಂಟ್ ಇನ್ನೂ ಅಲುಗುತ್ತಿದೆಯೋ ಇಲ್ಲವೋ ಗೊತ್ತಾಗದೆ ಮೇಲೆ ಭಾರ ಹೇರಬಾರದು. ಇನ್ನಷ್ಟು ಜಾಗ ಬೇಕೇ ಬೇಕು ಎಂದಾದರೆ ಹಿಂದಿನ ಖಾಲಿ ನಿವೇಶನದಲ್ಲಿ ಬೇರೆಯೇ ಕಟ್ಟಿ. ಕಿಂಬೆಲ್‌ನವರು ಮಾಡಿದ್ದು ಹಾಗೆ. 1989ರಲ್ಲಿ ಕಾನ್ ಅವರ ಕಮಾನುಗಳನ್ನೇ ಎರಡೂ ಕಡೆ ಮುಂದುವರಿಸುವ ಯೋಜನೆ ಬಂತು, ವಿರೋಧ ಎದ್ದು ಅದನ್ನು ಕೈಬಿಟ್ಟರು. 2013ರಲ್ಲಿ ರೆನ್ಜೊ ಪಿಯಾನೊ ವಿನ್ಯಾಸದ ಹೊಸ ಕಟ್ಟಡವನ್ನು ಹುಲ್ಲುಹಾಸಿನ ಆಚೆ, ಹಳೆಯದಕ್ಕೆ ತಾಗದಂತೆ ಕಟ್ಟಿದರು. ತಾಗದಿದ್ದರೆ ಜಾಯಿಂಟೇ ಇಲ್ಲ. ಹತ್ತಿರದಲ್ಲಿ ನೋಡಬೇಕೆಂದರೆ ಬೆಂಗಳೂರಿನ ಅರಮನೆ ರಸ್ತೆಯ ಮಾಣಿಕ್ಯವೇಲು ಮನೆಗೆ ಹೋಗಿ. ಹಳೇ ಬಂಗಲೆಗೆ ಹೊಸ ಗ್ಯಾಲರಿ ಸೇರಿಸಿ 2009ರಲ್ಲಿ ಅಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ತೆರೆದರು. ಚಿತ್ರ ನೋಡಿ ಮುಗಿದ ಮೇಲೆ ಹೊರಗೆ ಬಂದು ಮಾಡು, ಪೈಪು, ಎರಡು ಕಟ್ಟಡಗಳ ನಡುವಿನ ಜಾಗ ನೋಡಿ. ನಿಮ್ಮ ಎಂಜಿನಿಯರನ್ನೂ ಕರೆದುಕೊಂಡು ಹೋಗಿ. ಹೊಸ ನಕ್ಷೆ ಬಂದಾಗ ಸಹಿ ಹಾಕುವ ಮೊದಲು, ಪ್ರತಿಯೊಂದು ಗಾಜಿಗೆ, ದೋಣಿಗೆ, ದೀಪಕ್ಕೆ ಯಾರು, ಎಲ್ಲಿ ನಿಂತು, ಯಾವ ಏಣಿಯಿಂದ ತಲುಪುತ್ತಾರೆ ಎಂದು ನಕ್ಷೆಯ ಮೇಲೇ ಗುರುತು ಹಾಕಿಸಿಕೊಳ್ಳಿ.